ಮನೆಯ ಕರೆಂಟು ಬಿಲ್ಲಿನ ತಕರಾರು: ಶಾಖಾ ಕಚೇರಿಯಿಂದ ಓಂಬುಡ್ಸ್‌ಮನ್‌ವರೆಗೆ

ಬೀಜ ಗೊಬ್ಬರಗಳ ರಸೀತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವವರು ಕೂಡ ಕರೆಂಟಿನ ಬಿಲ್ಲನ್ನು ಹಣ ಕಟ್ಟಿದ ಮರುದಿನವೇ ಎಸೆದುಬಿಡುವುದುಂಟು. ಎಲ್ಲವೂ ಸರಿಯಾಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಆದರೆ ತಿಂಗಳಿಗೆ ಎರಡು ನೂರು ರೂಪಾಯಿ ಬರುತ್ತಿದ್ದ ಮನೆಗೆ ಒಮ್ಮೆಲೇ ಹದಿನಾಲ್ಕು ಸಾವಿರದ ಬಿಲ್ಲು ಬಂದಾಗ, ಆ ಹಳೆಯ ಚೀಟಿಗಳೇ ನಿಮ್ಮ ಮುಖ್ಯ ಸಾಕ್ಷಿ. ಇಂಥ ಬಿಲ್ಲು ಬಂದರೆ ಎರಡೇ ದಾರಿ, ಸುಮ್ಮನೆ ಕಟ್ಟುವುದು ಇಲ್ಲವೆ ಕರೆಂಟು ಕಳೆದುಕೊಳ್ಳುವುದು, ಎಂದು ಬಹಳ ಜನ ತಿಳಿದಿದ್ದಾರೆ. ಕಾನೂನಿನಲ್ಲಿ ಮೂರನೆಯ ದಾರಿಯೂ ಇದೆ. ಅದನ್ನು ಇಲ್ಲಿ ವಿವರಿಸಲಾಗಿದೆ.

ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗಕ್ಕೆ ವಿದ್ಯುತ್ ಪೂರೈಸುವುದು ಹೆಸ್ಕಾಂ, ಅಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ. ಹಿರಿಯರು ಈಗಲೂ ಕೆ.ಇ.ಬಿ. ಎನ್ನುವುದು ವಾಡಿಕೆಯಾದರೂ ಆ ಮಂಡಳಿಯ ಕಾಲ 1999ಕ್ಕೆ ಮುಗಿಯಿತು. 2002ರಲ್ಲಿ ವಿತರಣೆಯ ಕೆಲಸ ಪ್ರತ್ಯೇಕ ಕಂಪನಿಗಳಿಗೆ ಹೋಯಿತು. ಈ ಕಂಪನಿಗಳ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ. ದರ ಗೊತ್ತುಪಡಿಸುವುದು ಆ ಆಯೋಗ. ಓಂಬುಡ್ಸ್‌ಮನ್ನರನ್ನು ನೇಮಿಸುವುದೂ ಆ ಆಯೋಗವೇ. ಕಂಪನಿಯ ನೌಕರರಲ್ಲದ ಅಧಿಕಾರಿಯೊಬ್ಬರು ನಿಮ್ಮ ತಕರಾರನ್ನು ಕೇಳುತ್ತಾರೆ ಎಂಬುದೇ ಈ ವ್ಯವಸ್ಥೆಯ ತಿರುಳು.

ಓಂಬುಡ್ಸ್‌ಮನ್ ಎಂಬುದು ಸ್ವೀಡನ್ ದೇಶದ ಮಾತು. ಅಲ್ಲಿ 1809ರಲ್ಲಿಯೇ ಅಧಿಕಾರಿಗಳ ಮೇಲಿನ ಪ್ರಜೆಗಳ ದೂರನ್ನು ಕೇಳಲು ಇಂಥ ಹುದ್ದೆಯನ್ನು ನಿರ್ಮಿಸಿದ್ದರು. ನಮ್ಮಲ್ಲಿ ಬ್ಯಾಂಕುಗಳ ವಿಷಯಕ್ಕೆ 1995ರಲ್ಲಿ ಬಂದಿತು. ವಿದ್ಯುತ್ತಿಗೆ ಬಂದದ್ದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೆಯ ಕಲಮಿನಿಂದ. ಕೆಲವರು ವಿದ್ಯುತ್ ಲೋಕಪಾಲ ಎಂದೂ ಬರೆಯುತ್ತಾರೆ. ಹೆಸರು ಯಾವುದಾದರೂ ಸರಿ, ಲಂಚದ ದೂರನ್ನು ವಿಚಾರಿಸುವ ಲೋಕಾಯುಕ್ತರೇ ಬೇರೆ, ಇವರೇ ಬೇರೆ ಎಂಬುದು ನೆನಪಿರಲಿ.

ಬಿಲ್ಲಿನಲ್ಲಿ ತಪ್ಪು ಹೇಗಾಗುತ್ತದೆ?

ಹೆಚ್ಚಿನ ತಕರಾರುಗಳು ಓದುವಿಕೆಯಿಂದಲೇ ಹುಟ್ಟುತ್ತವೆ. ಶೇಂಗಾ ಕೀಳುವ ಕಾಲ, ಉಳ್ಳಾಗಡ್ಡಿ ಕೊಯ್ಯುವ ಕಾಲದಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಮೀಟರ್ ಓದುವವರು ಬಂದಾಗ ಬಾಗಿಲಿಗೆ ಕೀಲಿ. ಅವರು 'ಡೋರ್ ಲಾಕ್' ಎಂದು ಬರೆದುಕೊಂಡು ಸರಾಸರಿ ಬಿಲ್ಲು ಕೊಟ್ಟು ಹೋಗುತ್ತಾರೆ. ನಾಲ್ಕು ತಿಂಗಳ ಮೇಲೆ ನಿಜವಾದ ಓದುವಿಕೆ ಬರುತ್ತದೆ.

ಗೃಹಜ್ಯೋತಿ ಯೋಜನೆಯ ಮನೆಗಳಿಗೆ ಇದರ ಪೆಟ್ಟು ಜಾಸ್ತಿ. ಈ ಯೋಜನೆಯ ಶೂನ್ಯ ಬಿಲ್ಲುಗಳು 2023ರ ಆಗಸ್ಟಿನಿಂದ ಬರತೊಡಗಿದವು. 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ ಮನೆಯ ಪಾಲನ್ನು ಗೊತ್ತುಮಾಡಿದರು. ಪಾಲು ಮೀರಿದರೂ 200 ಯೂನಿಟ್ಟಿನ ಒಳಗಿದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ತಿಂಗಳಿಗೆ 60 ಯೂನಿಟ್ಟು ಸುಡುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ನಾಲ್ಕು ತಿಂಗಳದ್ದು ಕೂಡಿ 240 ಆಗುತ್ತದೆ. ಇದನ್ನು ನಾಲ್ಕು ತಿಂಗಳಿಗೆ ಹಂಚದೆ ಒಂದೇ ತಿಂಗಳ ಬಳಕೆಯೆಂದು ಹಿಡಿದರೆ, ಶೂನ್ಯ ಬಿಲ್ಲಿನ ಮನೆಗೆ 240 ಯೂನಿಟ್ಟಿನ ಹಣ ಬೀಳುತ್ತದೆ. ಆ ಮನೆಯವರು ಒಂದು ದೀಪವನ್ನೂ ಹೆಚ್ಚಿಗೆ ಉರಿಸಿರುವುದಿಲ್ಲ!

ಕೇಂದ್ರ ಸರಕಾರ 2020ರಲ್ಲಿ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಇದಕ್ಕೆ ಉಪಾಯವಿದೆ. ಸತತ ಎರಡು ಸಲ ಓದುವಿಕೆ ಆಗದಿದ್ದರೆ, ಮೀಟರಿನ ಅಂಕಿ ಮತ್ತು ತಾರೀಖು ಕಾಣುವಂತೆ ಚಿತ್ರ ತೆಗೆದು ನೀವೇ ಕಳಿಸಬಹುದು. ಮೊಬೈಲು ಇರುವ ಹುಡುಗರು ಮನೆಯಲ್ಲಿರುವಾಗ ಇದೇನೂ ಕಷ್ಟವಲ್ಲ. ತಿಂಗಳಿಗೊಮ್ಮೆ ಚಿತ್ರ ತೆಗೆದಿಡುವ ರೂಢಿ ಹಾಕಿಕೊಂಡರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಮೀಟರೇ ಓಡುತ್ತಿದೆ ಎಂಬ ಸಂಶಯವಿದ್ದರೆ ಲಿಖಿತ ಅರ್ಜಿ ಕೊಟ್ಟು, ಶುಲ್ಕ ತುಂಬಿ, ಪರೀಕ್ಷೆ ಮಾಡಿಸಿಕೊಳ್ಳಬೇಕು. 2024ರ ತಿದ್ದುಪಡಿಯ ಪ್ರಕಾರ, ಓದುವಿಕೆ ಬಳಕೆಗೆ ಹೊಂದುವುದಿಲ್ಲವೆಂದು ಗ್ರಾಹಕರು ದೂರಿದರೆ ಕಂಪನಿಯು 5 ದಿನಗಳಲ್ಲಿ ಇನ್ನೊಂದು ಮೀಟರನ್ನು ಜೋಡಿಸಿ ಕನಿಷ್ಠ 3 ತಿಂಗಳು ತಾಳೆ ನೋಡತಕ್ಕದ್ದು. ಆದರೆ ಅದಕ್ಕೂ ಮೊದಲು ರಾತ್ರಿ ಮನೆಯ ಎಲ್ಲ ಸ್ವಿಚ್ಚು ಆರಿಸಿ ಮೀಟರಿನ ದೀಪ ಮಿನುಗುತ್ತದೆಯೇ ನೋಡಿರಿ. ಮಿನುಗಿದರೆ ತಪ್ಪು ಒಳಗಿನ ವೈರಿಂಗಿನಲ್ಲಿಯೂ ಇರಬಹುದು. ಹಳೆಯ ಮಣ್ಣಿನ ಗೋಡೆಗಳಲ್ಲಿ ಮಳೆಗಾಲದ ಹಸಿಯಿಂದ ಕರೆಂಟು ಸೋರುವುದುಂಟು. ಬಿಲ್ಲು ಹೆಚ್ಚಾಗುವುದಿರಲಿ, ಅದು ಜೀವಕ್ಕೇ ಅಪಾಯ.

ಮೊದಲ ಮೆಟ್ಟಿಲು

ನೆಟ್ಟಗೆ ಓಂಬುಡ್ಸ್‌ಮನ್ ಬಳಿಗೆ ಹೋದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಮೊದಲು ಕಂಪನಿಗೆ, ಆಮೇಲೆ ವೇದಿಕೆಗೆ, ಕೊನೆಗೆ ಓಂಬುಡ್ಸ್‌ಮನ್ನರಿಗೆ, ಇದೇ ಕ್ರಮ.

ನಿಮ್ಮ ಶಾಖಾ ಕಚೇರಿ ಅಥವಾ ಉಪವಿಭಾಗ ಕಚೇರಿ ಯಾವುದೆಂಬುದು ಬಿಲ್ಲಿನ ಮೇಲೆಯೇ ಇರುತ್ತದೆ. ಅಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಲೈನ್‌ಮನ್ನರು ಪರಿಚಯದವರು, 'ನೋಡೋಣ ತಗೋರಿ' ಎಂದಿರುತ್ತಾರೆ, ನಿಮಗೂ ಸಮಾಧಾನವಾಗಿರುತ್ತದೆ. ಆದರೆ ಮೂರು ತಿಂಗಳ ನಂತರ ಆ ಮಾತಿಗೆ ಯಾವ ದಾಖಲೆಯೂ ಇರುವುದಿಲ್ಲ. 1912 ನಂಬರಿಗೆ ಫೋನು ಮಾಡಿದರೆ ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಬಿಲ್ಲಿನ ಹಿಂದೆ ಬರೆದಿಡಿರಿ. ಅದರ ಜೊತೆಗೆ ಕಾಗದದ ಅರ್ಜಿಯೂ ಇರಲಿ. ಬರಹ ಉದ್ದವಿರಬೇಕಾಗಿಲ್ಲ:

"ನನ್ನ ಮನೆಯ ಆರ್‌.ಆರ್‌. ನಂಬರು ಇಂತಿಷ್ಟು. ಈ ತಿಂಗಳ ಬಿಲ್ಲಿನಲ್ಲಿ ಇಷ್ಟು ಯೂನಿಟ್ಟು ತೋರಿಸಲಾಗಿದೆ. ಹಿಂದಿನ ಆರು ತಿಂಗಳ ಬಳಕೆ ಹೀಗಿದೆ. ಈ ದಿನ ಮೀಟರಿನಲ್ಲಿ ಕಾಣುವ ಅಂಕಿ ಇಷ್ಟು. ಬಿಲ್ಲನ್ನು ಪರಿಶೀಲಿಸಿ ಸರಿಪಡಿಸಿಕೊಡಬೇಕು. ತೀರ್ಮಾನವಾಗುವವರೆಗೆ ಸಂಪರ್ಕ ಕಡಿಯಬಾರದೆಂದು ಕೋರುತ್ತೇನೆ."

ಇದಕ್ಕೆ ಬಿಲ್ಲುಗಳ ನಕಲು ಜೋಡಿಸಿ, ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿರಿ. ಮುದ್ರೆ ಹಾಕಲು ಒಲ್ಲೆವೆಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿರಿ. ಮನೆ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದ್ದರೆ ನೀವು ಯಾರೆಂಬುದನ್ನೂ ಬರೆಯಿರಿ. ಹೆಸರು ಬದಲಾವಣೆಯ ಅರ್ಜಿಯನ್ನೂ ಆಗಲೇ ಕೊಟ್ಟುಬಿಡುವುದು ಮೇಲು.

ಕರೆಂಟು ಕಡಿಯುವ ಭಯ

ಜನ ಸೋಲುವುದು ಇಲ್ಲಿಯೇ. ಮಕ್ಕಳ ಪರೀಕ್ಷೆ ಹತ್ತಿರವಿದೆ, ಮೇಲೆ ಬೇಸಿಗೆ, ಫ್ಯೂಸು ತೆಗೆದಾರೆಂಬ ಹೆದರಿಕೆಗೆ ಸಾಲ ಮಾಡಿ ಪೂರ್ತಿ ಹಣ ಕಟ್ಟಿಬಿಡುತ್ತಾರೆ. ಆದಕಾರಣ ಕಾಯ್ದೆಯ 56ನೆಯ ಕಲಮನ್ನು ಎಲ್ಲರೂ ತಿಳಿದಿರಬೇಕು.

ಬಾಕಿಗಾಗಿ ಸಂಪರ್ಕ ಕಡಿಯಬೇಕಾದರೆ ಕಂಪನಿಯು ಪೂರಾ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಆ ಅವಧಿಯಲ್ಲಿ ನೀವು 'ತಕರಾರಿನೊಂದಿಗೆ' ಎಂದು ಬರೆದು ಹಣ ತುಂಬಿದರೆ, ತಕರಾರು ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಎಷ್ಟು ತುಂಬಬೇಕು? ಒಂದೋ ಕೇಳಿದ ಪೂರ್ತಿ ಮೊತ್ತ. ಇಲ್ಲವೆ ಹಿಂದಿನ ಆರು ತಿಂಗಳಲ್ಲಿ ಕಟ್ಟಿದ ಸರಾಸರಿಯ ಮೇರೆಗೆ ಪ್ರತಿ ತಿಂಗಳಿನದು. ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಬಿಲ್ಲು 14,000 ರೂಪಾಯಿ ಬಂದಿದ್ದು, ಹಿಂದಿನ ಆರು ತಿಂಗಳಲ್ಲಿ ಒಟ್ಟು 1,200 ರೂಪಾಯಿ ಕಟ್ಟಿದ್ದರೆ ತಿಂಗಳ ಸರಾಸರಿ 200 ಆಯಿತು. ಆ 200ನ್ನು ತಿಂಗಳು ತಿಂಗಳು ತುಂಬುತ್ತ ಹೋಗಬೇಕು. ಏನನ್ನೂ ಕಟ್ಟದೆ ಕೂತವರಿಗೆ ಈ ರಕ್ಷಣೆ ಸಿಗುವುದಿಲ್ಲ.

ಹಳೆಯ ಬಾಕಿಯ ಮಾತೂ ಇದೇ ಕಲಮಿನಲ್ಲಿದೆ. ಮೊದಲು ಸಲ್ಲಬೇಕಾದ ದಿನದಿಂದ 2 ವರ್ಷ ಕಳೆದ ಮೊತ್ತವನ್ನು, ಬಿಲ್ಲುಗಳಲ್ಲಿ ಸತತವಾಗಿ ಬಾಕಿಯೆಂದು ತೋರಿಸುತ್ತ ಬಂದಿರದಿದ್ದರೆ, ವಸೂಲು ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಹಾಗೆಂದು ಇದನ್ನೇ ನೆಚ್ಚಿ ನಿಶ್ಚಿಂತರಾಗಬೇಡಿರಿ. ಅಜ್ಮೀರ ವಿದ್ಯುತ್ ವಿತರಣ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ, ಅವಧಿ ಮೀರಿದ ಮೇಲೆ ಸಂಪರ್ಕ ಕಡಿಯಲಾಗದು, ಆದರೆ ತಪ್ಪಿನಿಂದ ಬಿಟ್ಟುಹೋದ ಮೊತ್ತಕ್ಕೆ ಹೆಚ್ಚುವರಿ ಬಿಲ್ಲು ಕೊಡಬಹುದು ಎಂದಿತು. 2021ರ ಇನ್ನೊಂದು ತೀರ್ಪು ಕಂಪನಿಗಳಿಗೆ ಇನ್ನಷ್ಟು ಅನುಕೂಲವಾಗಿದೆ. ಆದ್ದರಿಂದ ಎರಡು ವರ್ಷದ ಮಾತನ್ನು ಅರ್ಜಿಯಲ್ಲಿ ಬರೆಯಿರಿ, ಅದೊಂದನ್ನೇ ಬರೆಯಬೇಡಿರಿ.

ವೇದಿಕೆ ಮತ್ತು ಓಂಬುಡ್ಸ್‌ಮನ್

ಕಚೇರಿಯಿಂದ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬೇಕು. ಆಯೋಗದ 2004ರ ವಿನಿಯಮಗಳ ಮೇರೆಗೆ ಇದು ನಡೆಯುತ್ತದೆ. ವೇದಿಕೆಯಲ್ಲಿ ಕಂಪನಿಯ ಇಂಜಿನಿಯರರೇ ಅಧ್ಯಕ್ಷರು. ತಪ್ಪು ಮಾಡಿದವರ ಮನೆಯಲ್ಲೇ ಪಂಚಾಯಿತಿಯೇ ಎಂದು ನೀವು ಕೇಳಬಹುದು, ಪ್ರಶ್ನೆ ಸರಿಯಾದದ್ದೇ. ಹೊರಗಿನ ಸದಸ್ಯರೂ ಇರಬೇಕೆಂದು ಇಟ್ಟದ್ದು ಅದಕ್ಕಾಗಿಯೇ. ಅರ್ಜಿ 'ಎ' ನಮೂನೆಯಲ್ಲಿರಬೇಕು. ನೀವೇ ಹೋಗಿ ಹೇಳಬಹುದು, ನಿಮ್ಮ ಪರವಾಗಿ ಇನ್ನೊಬ್ಬರನ್ನೂ ಕಳಿಸಬಹುದು. ಸ್ವೀಕೃತಿ ಚೀಟಿಯನ್ನು ಕಳೆಯಬೇಡಿರಿ, ಮುಂದಿನ ದಿನಗಳ ಎಣಿಕೆ ಅದರಿಂದಲೇ. ಆ ವಿನಿಯಮಗಳು ವೇದಿಕೆಗೆ ಕೊಟ್ಟ ಗಡುವು 60 ದಿನ.

ವೇದಿಕೆಯ ಆದೇಶ ಕೈಗೆ ಬಂದ ದಿನದಿಂದ 30 ದಿನಗಳ ಒಳಗೆ ಓಂಬುಡ್ಸ್‌ಮನ್ನರಿಗೆ 'ಬಿ' ನಮೂನೆಯಲ್ಲಿ ಮನವಿ ಸಲ್ಲಿಸತಕ್ಕದ್ದು. ವೇದಿಕೆ ಆದೇಶವನ್ನೇ ಕೊಡದಿದ್ದರೆ ಅದರ ಗಡುವು ಮುಗಿದಂದಿನಿಂದ ಆ 30 ದಿನ. ಬಿತ್ತನೆಯ ಗಡಿಬಿಡಿಯಲ್ಲಿ ಈ ತಾರೀಖು ತಪ್ಪಿಹೋಗುವುದು ಸುಲಭ, ಪಂಚಾಂಗದ ಮೇಲೆ ಗುರುತು ಹಾಕಿಡಿರಿ. ಓಂಬುಡ್ಸ್‌ಮನ್ನರು ಇರುವುದು ಬೆಂಗಳೂರಿನಲ್ಲಿ. ಮನವಿಯನ್ನು ಅಂಚೆಯಲ್ಲಿ ಕಳಿಸಬಹುದು. ಮನವಿಯಲ್ಲಿ ಸಿಟ್ಟಿನ ಮಾತಿಗಿಂತ ತಾರೀಖುಗಳೇ ಹೆಚ್ಚು ಕೆಲಸ ಮಾಡುತ್ತವೆ: ಬಿಲ್ಲು ಬಂದದ್ದು ಯಾವಾಗ, ಅರ್ಜಿ ಕೊಟ್ಟದ್ದು ಯಾವಾಗ, ಮೀಟರು ಪರೀಕ್ಷೆಯಾಯಿತೇ, ವೇದಿಕೆ ಏನೆಂದಿತು, ಅದರಲ್ಲಿ ಯಾವ ಅಂಶವನ್ನು ನೀವು ಒಪ್ಪುವುದಿಲ್ಲ. ಓಂಬುಡ್ಸ್‌ಮನ್ನರು ಮೊದಲು ಎರಡೂ ಕಡೆಯವರಿಗೆ ರಾಜಿಯ ಅವಕಾಶ ಕೊಡುವುದುಂಟು, ಆಗದಿದ್ದರೆ ಆದೇಶ ಮಾಡುತ್ತಾರೆ.

ಯಾವುದು ಇಲ್ಲಿ ನಡೆಯುವುದಿಲ್ಲ?

ಪಂಪಸೆಟ್ಟಿನ ಲೈನಿನಿಂದ ತೋಟದ ಮನೆಗೆ ದೀಪ ಎಳೆದುಕೊಂಡದ್ದು, ಮನೆಯ ಮೀಟರಿನ ಮೇಲೆ ಹಿಟ್ಟಿನ ಗಿರಣಿ ನಡೆಸಿದ್ದು, ಇವು 126ನೆಯ ಕಲಮಿನ ಅನಧಿಕೃತ ಬಳಕೆಗೆ ಸೇರುತ್ತವೆ. ದರದ ಎರಡು ಪಟ್ಟು ಬೀಳುತ್ತದೆ. ಮೊದಲು ತಾತ್ಕಾಲಿಕ ಆದೇಶ ಬರುತ್ತದೆ, ಅದಕ್ಕೆ ಆಕ್ಷೇಪಣೆ ಸಲ್ಲಿಸಬೇಕು. ಅಂತಿಮ ಆದೇಶದ ಮೇಲೆ 30 ದಿನಗಳಲ್ಲಿ ಬೇರೆ ಪ್ರಾಧಿಕಾರಕ್ಕೆ ಮೇಲ್ಮನವಿ; ಅದಕ್ಕೆ ಅರ್ಧ ಹಣ ಮೊದಲೇ ತುಂಬಬೇಕು. ಕಳ್ಳತನದ ಆರೋಪವಿದ್ದರೆ ಅದೂ ವೇದಿಕೆಗೆ ಬರುವುದಿಲ್ಲ. ನೋಟೀಸು ಬಂದಾಗ ಯಾವ ಕಲಮಿನ ಕೆಳಗೆ ಎಂಬುದನ್ನು ಓದಿಸಿ ನೋಡುವುದು ಇದಕ್ಕಾಗಿಯೇ. ತಪ್ಪು ಬಾಗಿಲು ತಟ್ಟುತ್ತ ಕೂತರೆ ಸರಿಯಾದ ಬಾಗಿಲು ಮುಚ್ಚುವ ದಿನ ಬಂದುಬಿಡುತ್ತದೆ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕನ್ನು 42ನೆಯ ಕಲಂ ಕಸಿದುಕೊಂಡಿಲ್ಲ. ಆದರೆ ಒಂದೇ ತಕರಾರು ಕೋರ್ಟಿನಲ್ಲಿ ನಡೆಯುತ್ತಿರುವಾಗ ಓಂಬುಡ್ಸ್‌ಮನ್ನರು ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಸಣ್ಣ ಮೊತ್ತದ ಬಿಲ್ಲಿನ ತಕರಾರಿಗೆ ವೇದಿಕೆಯ ದಾರಿಯೇ ಮೇಲೆಂದು ನಮ್ಮ ಅಭಿಪ್ರಾಯ.

ಆದೇಶ ನಿಮ್ಮ ಪರವಾಗಿ ಬಂದರೆ ಅದರ ನಕಲನ್ನು ಉಪವಿಭಾಗ ಕಚೇರಿಗೆ ಕೊಟ್ಟು, ಮುಂದಿನ ಬಿಲ್ಲಿನಲ್ಲಿ ಮೊತ್ತ ಕಡಿಮೆಯಾಗಿದೆಯೇ ನೋಡಿರಿ. ಹಳೆಯ ಅಂಕಿಯೇ ಬಡ್ಡಿ ಸಮೇತ ಬರುತ್ತಿದ್ದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಬರೆಯಬೇಕು. ಕಾಯ್ದೆ, ನಿಯಮಗಳನ್ನು ಅಥವಾ ಆಯೋಗದ ನಿರ್ದೇಶನವನ್ನು ಮೀರಿದವರಿಗೆ 142ನೆಯ ಕಲಮಿನಂತೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆ ಪತ್ರದ ಜೊತೆ ಆದೇಶದ ನಕಲು ಮತ್ತು ಆದೇಶದ ನಂತರ ಬಂದ ಬಿಲ್ಲುಗಳನ್ನು ಲಗತ್ತಿಸಿರಿ.