ಬಿದ್ದವರ ಪರವಾಗಿ ಕೂಗುವ ಯಂತ್ರ

ಮೈಸೂರಿನಲ್ಲಿ ಒಬ್ಬರೇ ವಾಸವಾಗಿರುವ ನನ್ನ ಸೋದರತ್ತೆಯವರು ಹೋದ ವರ್ಷ ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು, ಏಳಲಾಗಲಿಲ್ಲ. ಕೂಗಿದರು, ಆದರೆ ಬಚ್ಚಲ ಬಾಗಿಲು, ನಡುಮನೆಯ ಬಾಗಿಲು, ಬೀದಿಬಾಗಿಲು ಈ ಮೂರನ್ನೂ ದಾಟಿ ಕೂಗು ಹೊರಗೆ ಬರಲಿಲ್ಲ. ಮನೆಗೆಲಸದಾಕೆ ಬಂದು ಕದ ತಟ್ಟುವ ವೇಳೆಗೆ ನಾಲ್ಕು ಗಂಟೆಗಳು ಕಳೆದಿದ್ದುವು. ಇಂತಹ ಸಮಯಕ್ಕೆಂದೇ ಅವರ ಮಗನು ಕೊಂಡುಕೊಟ್ಟಿದ್ದ, ಕತ್ತಿನಲ್ಲಿ ಧರಿಸುವ ಕರೆಗುಂಡಿಯ ಪದಕವೊಂದು ಮನೆಯಲ್ಲಿ ಇದ್ದೇ ಇತ್ತು. ನೀರು ತಗುಲಿದರೆ ಕೆಟ್ಟೀತೆಂದು ಸ್ನಾನಕ್ಕೆ ಮೊದಲು ಅದನ್ನು ದೇವರಪಟದ ಪಕ್ಕದ ಮೊಳೆಗೆ ತೂಗುಹಾಕಿದ್ದರು!

ಆ ಪದಕದೊಳಗೆ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ವಿಚಾರಮಾಡೋಣ.

ಮುದುಕರಿಗೆ ಬೀಳುವುದಕ್ಕಿಂತಲೂ ಬಿದ್ದಲ್ಲಿಯೇ ಗಂಟೆಗಟ್ಟಲೆ ಇರುವುದು ಹೆಚ್ಚು ಅಪಾಯಕರವಾಗಬಹುದು. ದೇಹದ ಭಾರವೆಲ್ಲ ಕೆಲವೇ ಭಾಗಗಳನ್ನು ಒತ್ತಿ, ಅಲ್ಲಿ ರಕ್ತಸಂಚಾರ ಕುಗ್ಗುತ್ತದೆ. ಒತ್ತಡದಿಂದ ಹಾಳಾದ ಸ್ನಾಯುಗಳಿಂದ ಹೊರಬಿದ್ದ ವಸ್ತುಗಳು ಮೂತ್ರಪಿಂಡಗಳನ್ನು ಕೆಡಿಸಬಲ್ಲುವು. ಮೈಯಲ್ಲಿನ ನೀರೂ ಶಾಖವೂ ಇಳಿಯುತ್ತವೆ. ಆದುದರಿಂದ ಸಹಾಯವು ಬೇಗನೆ ಬರುವುದೇ ಮುಖ್ಯ.

ಈ ಉದ್ದೇಶದಿಂದ ೧೯೭೪ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರೂ ಡಿಬ್ನರ್ ಅವರು ‘ಲೈಫ್‌ಲೈನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇಂತಹ ಏರ್ಪಾಡುಗಳ ಹಳೆಯ ರೂಪ ಸರಳವಾದುದು. ಗುಂಡಿಯನ್ನು ಒತ್ತಿದೊಡನೆ ಪದಕವು ರೇಡಿಯೋ ಅಲೆಯೊಂದನ್ನು ಕಳುಹಿಸುತ್ತದೆ; ಟೆಲಿಫೋನಿನ ಪಕ್ಕದಲ್ಲಿರುವ ಪೆಟ್ಟಿಗೆ ಅದನ್ನು ಹಿಡಿದು ಸಹಾಯಕೇಂದ್ರಕ್ಕೆ ಕರೆ ಮಾಡುತ್ತದೆ. ಯೂರೋಪಿನಲ್ಲಿ ಇದಕ್ಕೆಂದೇ ೮೬೯ ಮೆಗಾಹರ್ಟ್ಸ್ ಸಮೀಪದ ಕಿರಿದಾದ ಪಟ್ಟಿಯೊಂದನ್ನು ಮೀಸಲಿಟ್ಟಿದ್ದಾರೆ. ಅದರ ಅಲೆಯುದ್ದ ಸುಮಾರು ೩೫ ಸೆಂಟಿಮೀಟರ್. ಇಂತಹ ಅಲೆಗಳು ಇಟ್ಟಿಗೆಯ ಗೋಡೆಯನ್ನು ಸ್ವಲ್ಪ ಕುಗ್ಗಿಯಾದರೂ ದಾಟಬಲ್ಲುವು. ಇಂದು ಅನೇಕ ಪದಕಗಳಲ್ಲಿ ಮೊಬೈಲಿನ ಸಿಮ್ ಇರುವುದರಿಂದ ಆ ಪೆಟ್ಟಿಗೆಯೂ ಬೇಕಿಲ್ಲ.

ಆದರೆ ಗುಂಡಿಯನ್ನು ಒತ್ತುವವರು ಯಾರು? ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ತೊಂಬತ್ತು ದಾಟಿದವರನ್ನು ಕುರಿತು ನಡೆದು, ೨೦೦೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿದ್ದು ಬಹಳ ಹೊತ್ತು ಏಳಲಾರದೆ ಇದ್ದವರಲ್ಲಿ ಹೆಚ್ಚಿನವರು ಇಂತಹ ಕರೆಸಾಧನವಿದ್ದರೂ ಅದನ್ನು ಬಳಸಿರಲಿಲ್ಲ. ಹಾಗಾದರೆ ಬೀಳುವಿಕೆಯನ್ನು ಯಂತ್ರವೇ ಅರಿಯುವಂತೆ ಮಾಡಬಹುದೆ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ.

ಸ್ಪ್ರಿಂಗ್ ತ್ರಾಸಿಗೆ ತೂಕದ ಕಲ್ಲೊಂದನ್ನು ತೂಗುಹಾಕಿ, ಮೆತ್ತನೆಯ ಹಾಸಿಗೆಯ ಮೇಲೆ ಬೀಳಬಿಡಿ. ಬೀಳುತ್ತಿರುವಷ್ಟು ಹೊತ್ತು ಮುಳ್ಳು ಸೊನ್ನೆಯ ಕಡೆಗೆ ಸರಿಯುತ್ತದೆ. ಕಲ್ಲೂ ತ್ರಾಸೂ ಒಂದೇ ವೇಗೋತ್ಕರ್ಷದಿಂದ ಇಳಿಯುವುದರಿಂದ ಒಂದು ಇನ್ನೊಂದನ್ನು ಎಳೆಯುವುದಿಲ್ಲ. ಪದಕದೊಳಗೆ ಕೆಲವೇ ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ ಇಂತಹದೇ ತ್ರಾಸು ಉಂಟು. ಸಿಲಿಕಾನಿನ ಸೂಕ್ಷ್ಮವಾದ ತುಂಡೊಂದು ಎಳೆಯಂತಹ ಸ್ಪ್ರಿಂಗುಗಳಲ್ಲಿ ತೂಗಿದೆ. ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಫಲಕಗಳಿವೆ. ಅವುಗಳ ನಡುವೆ ಅಲುಗಾಡದ ಇನ್ನೊಂದು ಸಾಲು ಹಲ್ಲುಗಳಿವೆ. ತುಂಡು ಸರಿದಾಗ ಹಲ್ಲುಗಳ ನಡುವಣ ಅಂತರ ಬದಲಾಗಿ, ಅವು ಹಿಡಿದಿಡುವ ವಿದ್ಯುದಾವೇಶವೂ ಬದಲಾಗುತ್ತದೆ. ಅದರಿಂದ ವೇಗೋತ್ಕರ್ಷವನ್ನು ಲೆಕ್ಕಹಾಕಬಹುದು. ಮೊಬೈಲನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರ ತಿರುಗುವುದೂ ಇಂತಹ ಬಿಲ್ಲೆಯಿಂದಲೇ.

ಒಂದು ಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದ ವಸ್ತು ಸುಮಾರು ೦.೪೫ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ ೪.೪ ಮೀಟರ್. ಐದು ಸೆಂಟಿಮೀಟರ್ ಅಂತರದಲ್ಲಿ ಅದು ನಿಂತರೆ, ಸರಾಸರಿ ವೇಗಕುಂದು ಗುರುತ್ವದ ವೇಗೋತ್ಕರ್ಷದ ಇಪ್ಪತ್ತರಷ್ಟಾಗುತ್ತದೆ. ಮನುಷ್ಯನು ಕಲ್ಲಿನಂತೆ ಬೀಳುವುದಿಲ್ಲ. ಮೊಣಕಾಲು ಮಡಿಯುತ್ತದೆ, ಕೈ ಊರುತ್ತದೆ. ಆದರೂ ಒಂದು ತಗ್ಗು, ಒಂದು ಶಿಖರ, ಬಳಿಕ ನಿಶ್ಚಲತೆ ಎಂಬ ಈ ಕ್ರಮ ಉಳಿಯುತ್ತದೆ. ಜೊತೆಗೆ, ನಿಂತಿದ್ದ ದೇಹವು ಮಲಗಿದೆಯೆಂದು ಗುರುತ್ವದ ದಿಕ್ಕೇ ತಿಳಿಸುತ್ತದೆ.

ಮಂಚದ ಮೇಲೆ ಧೊಪ್ಪನೆ ಕುಳಿತರೂ ತಗ್ಗು ಮತ್ತು ಶಿಖರಗಳು ಬರಬಹುದು. ಆದ್ದರಿಂದ ಯಂತ್ರವು ಸ್ವಲ್ಪ ಕಾಯುತ್ತದೆ. ೨೦೧೮ರಲ್ಲಿ ಆಪಲ್ ಕಂಪನಿಯ ಕೈಗಡಿಯಾರಕ್ಕೆ ಈ ಏರ್ಪಾಡು ಬಂತು. ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದು ತಾನೇ ಕರೆಮಾಡುತ್ತದೆ. ಆದರೂ ತಲೆಸುತ್ತಿ, ಗೋಡೆಗೆ ಒರಗಿ ಮೆಲ್ಲನೆ ಕುಸಿದವರಲ್ಲಿ ತಗ್ಗೂ ಇಲ್ಲ, ಶಿಖರವೂ ಇಲ್ಲ. ಯಂತ್ರವು ಅವರನ್ನು ಕಾಣದೆ ಹೋಗಬಹುದು. ಆದುದರಿಂದ ಗುಂಡಿಯೂ ಇರಲೇಬೇಕು.

ಪದಕ, ಅಲೆ, ಕೇಂದ್ರ, ಬರುವ ಮನುಷ್ಯ: ಇದೊಂದು ಸರಪಳಿ. ಸರಪಳಿಯ ಬಲವೆಲ್ಲ ಅದರ ದುರ್ಬಲವಾದ ಕೊಂಡಿಯಷ್ಟೇ. ಕರೆ ಮುಟ್ಟಿದರೂ ಕದಕ್ಕೆ ಒಳಗಿನಿಂದ ಚಿಲಕ ಹಾಕಿದ್ದರೆ ಬಂದವರು ಹೊರಗೇ ನಿಲ್ಲಬೇಕು. ನಮ್ಮ ಅತ್ತೆಯವರ ಮನೆಗೆ ಈಗ ಹೊರಗಿನಿಂದಲೂ ತೆರೆಯಬಹುದಾದ ಬೀಗ ಬಂದಿದೆ; ಅದರ ಇನ್ನೊಂದು ಕೀಲಿಕೈ ಪಕ್ಕದ ಮನೆಯಲ್ಲಿದೆ. ನೀರಿಗೆ ಕೆಡದ ಹೊಸ ಪದಕವು ಸ್ನಾನದಲ್ಲಿಯೂ ಅವರ ಕತ್ತಿನಲ್ಲಿರುತ್ತದೆ.

ವಿದ್ಯಾರ್ಥಿಗಳಾದ ನಿಮ್ಮ ಮನೆಯ ಹಿರಿಯರ ಬಳಿ ಇಂತಹ ಸಾಧನವಿದ್ದರೆ, ಅದು ನೀರನ್ನು ತಾಳುವುದೇ ಎಂದು ಮೊದಲು ತಿಳಿದುಕೊಳ್ಳಿ. ಕರೆಯನ್ನು ಸ್ವೀಕರಿಸುವವರಿಗೆ ಮುಂಚಿತವಾಗಿ ತಿಳಿಸಿ, ತಿಂಗಳಿಗೊಮ್ಮೆ ಬಚ್ಚಲುಮನೆಯ ಕದ ಮುಚ್ಚಿಕೊಂಡು ಗುಂಡಿಯನ್ನು ಒತ್ತಿನೋಡಿ. ಸಾಧನವಿಲ್ಲದಿದ್ದರೆ ಮೊಬೈಲಿನಲ್ಲಿ ೧೧೨ಕ್ಕೆ ಕರೆಮಾಡುವುದನ್ನಾದರೂ ಅವರಿಗೆ ಕಲಿಸಿಕೊಡಿ. ಇಷ್ಟು ಪ್ರಯೋಗಕ್ಕೆ ಪ್ರಯೋಗಶಾಲೆ ಬೇಕಿಲ್ಲ.