ಎಳೆಯುವ ಬಲವೂ ಹೊರುವ ಬಲವೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೂರು ನಾಲ್ಕು ದಶಕ ದುಡಿದ ನಮ್ಮ ಸಮಾಜದ ಹಿರಿಯರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅಡಿಗೆಮನೆ, ಮಲಗುವ ಕೋಣೆ, ಸ್ನಾನಗೃಹಗಳೆಲ್ಲವೂ ಉಳ್ಳ ಮನೆಗಾಡಿಯೊಂದನ್ನು ಕೊಂಡು ಆ ವಿಶಾಲ ದೇಶವನ್ನು ಸಾವಕಾಶವಾಗಿ ನೋಡಬೇಕೆಂಬ ಹಂಬಲ ಅವರಲ್ಲಿ ಕೆಲವರಿಗೆ ಉಂಟು. ಕಳೆದ ಬೇಸಗೆಯಲ್ಲಿ ನಾವು ಉಪನ್ಯಾಸದ ನಿಮಿತ್ತ ಕೊಲರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಹೋಗಿದ್ದಾಗ, ದಾವಣಗೆರೆ ಕಡೆಯ ನಿವೃತ್ತ ವೈದ್ಯರೊಬ್ಬರ ಮನೆಯಲ್ಲಿ ಎಂಟು ದಿನ ತಂಗಿದ್ದೆವು. ಅವರು ಮನೆಗಾಡಿಯನ್ನು ಆಗಲೇ ಕೊಂಡಿದ್ದರು. ಅದನ್ನು ಎಳೆಯಲು ತಕ್ಕ ಹಳೆಯ ಪಿಕಪ್ ಟ್ರಕ್ಕೊಂದನ್ನು ಹುಡುಕುತ್ತಿದ್ದರು. ಆ ಹುಡುಕಾಟದಲ್ಲಿ ನಾವೂ ಜೊತೆಗೂಡಿದೆವು. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು, ಬಂಧುಗಳು ಅಲ್ಲಿರುವುದರಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಗಾಡಿಯ ಬಗೆಯನ್ನು ತಿಳಿಯಬೇಕು. ಸಾಮಾನ್ಯ ಟ್ರೈಲರನ್ನು ವಾಹನದ ಹಿಂಬದಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ. 'ಫಿಫ್ತ್ ವೀಲ್', ಅಂದರೆ ಐದನೆಯ ಗಾಲಿ, ಎಂಬ ಈ ಬಗೆಯಲ್ಲಿ ಹಾಗಲ್ಲ. ಟ್ರೈಲರಿನ ಮುಂಭಾಗ ಎತ್ತರವಾಗಿ ಮುಂದಕ್ಕೆ ಚಾಚಿಕೊಂಡಿದ್ದು, ಅದರಡಿಯ ಉಕ್ಕಿನ ಗೂಟವು ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೇರಕ್ಕೆ ಕೂರಿಸಿದ ತಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಕುದುರೆ ಸಾರೋಟುಗಳ ಕಾಲದಲ್ಲಿ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಇಡುತ್ತಿದ್ದ ಚಕ್ರದಿಂದ ಈ ಹೆಸರು ಬಂದಿತು. ಗಾಡಿ ಓಲಾಡದೆ ಸ್ಥಿರವಾಗಿ ಸಾಗುವುದು ಇದರ ಗುಣ. ಆದರೆ ಟ್ರೈಲರಿನ ಭಾರದಲ್ಲಿ ಸುಮಾರು ಐದನೆಯ ಒಂದು ಪಾಲು ಟ್ರಕ್ಕಿನ ಬೆನ್ನ ಮೇಲೆಯೇ ಕೂರುತ್ತದೆ. ನಮ್ಮ ರೈತರು ಇದನ್ನು ಬೇಗ ಗ್ರಹಿಸಿಯಾರು. ಬಂಡಿಯಲ್ಲಿ ಹೇರು ಮುಂದಾದರೆ ಮೂಕಿಯ ಭಾರ ಎತ್ತಿನ ಹೆಗಲಿಗೆ ಬೀಳುತ್ತದೆ. ಎತ್ತು ಎಷ್ಟು ಎಳೆದೀತು ಎಂಬುದು ಒಂದು ಮಾತು, ಅದರ ಹೆಗಲು ಎಷ್ಟು ತಡೆದೀತು ಎಂಬುದು ಬೇರೆಯೇ ಮಾತು.

ವೈದ್ಯರು ಮೊದಲು ಮೆಚ್ಚಿದ ಟ್ರಕ್ಕು ಸುಂದರವಾಗಿತ್ತು. 2015ರ ಮಾದರಿ, ಡೀಸೆಲ್ ಎಂಜಿನು, ನಾಲ್ಕು ಬಾಗಿಲು, ಆರೂವರೆ ಅಡಿ ತೊಟ್ಟಿ. ಅಲ್ಲಿಯವರು 'ಮುಕ್ಕಾಲು ಟನ್ನಿನದು' ಎನ್ನುವ ವರ್ಗದ್ದು. ಮಾರುವವನು, "ಹದಿನಾರು ಸಾವಿರ ಪೌಂಡು ಎಳೆಯುತ್ತದೆ, ನಿಮ್ಮದು ಹನ್ನೆರಡೇ ಸಾವಿರ," ಎಂದು ಹೇಳಿ ಕಾಗದಪತ್ರ ಮುಂದಿಟ್ಟನು. ಸುಳ್ಳೆನ್ನಲಾಗದು, ಎಳೆಯುವುದು ನಿಜ. ಆದರೆ ಜೊತೆಗೆ ಬಂದಿದ್ದ ನೆರೆಮನೆಯ ವೃದ್ಧರು, ಬಾಳೆಲ್ಲ ಲಾರಿ ಓಡಿಸಿದವರು, ಒಂದು ಮಾತೂ ಆಡದೆ ಚಾಲಕನ ಬಾಗಿಲನ್ನು ತೆರೆದು ಕಂಬದ ಮೇಲಿನ ಹಳದಿ ಚೀಟಿಯನ್ನು ತೋರಿಸಿದರು. ಜನರೂ ಸಾಮಾನೂ ಕೂಡಿ 2,150 ಪೌಂಡನ್ನು ಮೀರಕೂಡದೆಂದು ಅದರಲ್ಲಿ ಅಚ್ಚಾಗಿತ್ತು.

ಅಲ್ಲಿಯೇ ನಿಂತು ಲೆಕ್ಕ ಹಾಕಿದೆವು. ತುಂಬಿದ ಮನೆಗಾಡಿ 12,000 ಪೌಂಡು, ಎಂದರೆ ಸುಮಾರು 5,400 ಕಿಲೋ. ಅದರ ಐದನೆಯ ಒಂದು ಪಾಲು 2,400. ಗೂಟ ಹಿಡಿಯುವ ತಟ್ಟೆಯ ತೂಕ 150. ದಂಪತಿಗಳು 300. ಟ್ರಕ್ಕಿನಲ್ಲಿಡುವ ಸಾಮಾನು 200. ಒಟ್ಟು 3,050. ಇನ್ನೂ ಮನೆ ಬಿಡುವ ಮೊದಲೇ 900 ಪೌಂಡು ಹೆಚ್ಚು!

"ಗುರುಗಳೇ, ಮೂವತ್ತೈದು ವರ್ಷ ಔಷಧದ ಪ್ರಮಾಣ ಬರೆದೆ. ಇಲ್ಲಿ ಪ್ರಮಾಣವನ್ನೇ ನೋಡದೆ ಸಹಿ ಹಾಕುವವನಿದ್ದೆ," ಎಂದು ವೈದ್ಯರು ನಕ್ಕರು. ಅವರ ಪತ್ನಿ ನಗಲಿಲ್ಲ. "ಗ್ರೈಂಡರ್ ಲೆಕ್ಕಕ್ಕೆ ಬಂತೇನ್ರೀ?" ಎಂದು ಕೇಳಿದರು. ಬಂದಿರಲಿಲ್ಲ.

ಈ 900 ಪೌಂಡಿಗೆ ಇಷ್ಟು ಭಯವೇಕೆಂದು ಯಾರಾದರೂ ಕೇಳಬಹುದು. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ 70ನೆಯ ಹೆದ್ದಾರಿಯು ಸಮುದ್ರಮಟ್ಟದಿಂದ 11,000 ಅಡಿಗೂ ಮಿಕ್ಕ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವನ್ನು ದಾಟಿ ಸಿಲ್ವರ್‌ಥಾರ್ನ್ ಪಟ್ಟಣದತ್ತ ಕಡಿದಾಗಿ ಇಳಿಯುತ್ತದೆ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ಆ ಇಳಿಜಾರಿನ ಪಕ್ಕದಲ್ಲಿ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಅವನ್ನು ನಾವು ಕಣ್ಣಾರೆ ಕಂಡೆವು. ಭಾರ ಮೀರಿದ ಟ್ರಕ್ಕಿನಲ್ಲಿ ಹಿಂದಿನ ಟೈರುಗಳು ಕಾಯುತ್ತವೆ, ಅಚ್ಚು ಬಳಲುತ್ತದೆ, ಎಡೆಬಿಡದೆ ಒತ್ತಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಿನಲ್ಲಿ ಎಂಜಿನು ಸೋತರೆ ನಿಧಾನವಾಗಿ ಹೋಗಬಹುದು. ಇಳಿಜಾರಿನಲ್ಲಿ ಬ್ರೇಕು ಸೋತರೆ ಮಾಡುವುದೇನು? ಆದುದರಿಂದಲೇ ಟ್ರೈಲರಿನ ಬ್ರೇಕನ್ನು ಟ್ರಕ್ಕಿನಿಂದಲೇ ನಡೆಸುವ ಸಾಧನವೂ, ಎಂಜಿನಿನ ಹೊಗೆಯನ್ನು ತಡೆದು ವೇಗ ಕುಗ್ಗಿಸುವ ಎಕ್ಸಾಸ್ಟ್ ಬ್ರೇಕೂ ಇದೆಯೇ ಎಂದು ಆ ವೃದ್ಧರು ಪ್ರತಿ ಟ್ರಕ್ಕಿನಲ್ಲಿಯೂ ಮೊದಲು ನೋಡುತ್ತಿದ್ದರು.

ಮುಂದಿನ ನಾಲ್ಕು ದಿನಗಳಲ್ಲಿ ಏಳು ಟ್ರಕ್ಕುಗಳನ್ನು ಕಂಡೆವು. ಹಳೆಯವುಗಳಲ್ಲಿ 1989ರಿಂದ ಡಾಡ್ಜ್ ಟ್ರಕ್ಕುಗಳಿಗೆ ಬಂದ 5.9 ಲೀಟರಿನ ಕಮಿನ್ಸ್ ಎಂಜಿನಿಗೂ, ಫೋರ್ಡಿನ 7.3 ಲೀಟರಿನ ಪವರ್ ಸ್ಟ್ರೋಕಿಗೂ ಒಳ್ಳೆಯ ಹೆಸರಿದೆ. 2003ರಿಂದ 2007ರವರೆಗಿನ ಫೋರ್ಡಿನ 6.0 ಲೀಟರಿನದು ಹೆಡ್ ಗ್ಯಾಸ್ಕೆಟ್ಟಿನ ತೊಂದರೆಗೆ ಹೆಸರಾದುದು. ಅದನ್ನು ಸರಿಪಡಿಸಿದ ರಸೀದಿಗಳಿಲ್ಲದೆ ಕೊಳ್ಳುವುದು ತರವಲ್ಲ. 2007ರಿಂದ ಈಚೆಗೆ ಡೀಸೆಲ್ ಹೊಗೆಯ ಮಸಿಯನ್ನು ಹಿಡಿಯುವ ಸೋಸುಕ ಸೇರಿತು. ಕೆಲವು ಒಡೆಯರು ಅದನ್ನು ಕಿತ್ತೆಸೆದಿರುತ್ತಾರೆ. ಅದು ಅಲ್ಲಿಯ ಕಾನೂನಿಗೆ ವಿರುದ್ಧ. ಹೊಗೆ ತಪಾಸಣೆ ಇರುವ ಕಡೆ ಅಂಥ ವಾಹನದ ನೋಂದಣಿಯೇ ಆಗಲಿಕ್ಕಿಲ್ಲ.

ಚಳಿಗಾಲದಲ್ಲಿ ಹಿಮ ಕರಗಿಸಲು ಉತ್ತರದ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಚೆಲ್ಲುವರು. ಆದ್ದರಿಂದ ವೃದ್ಧರು ನೆಲದ ಮೇಲೆ ಮಲಗಿ ಚೌಕಟ್ಟಿನ ತುಕ್ಕನ್ನು ಸುತ್ತಿಗೆಯಿಂದ ತಟ್ಟಿ ನೋಡುವರು. ಅಡಿಯಲ್ಲಿ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅವರಿಗೆ ಸಂಶಯ. ಒಂದೆಡೆ ನಾವು ಮುಟ್ಟುವ ಮೊದಲೇ ಎಂಜಿನಿನ ಮುಚ್ಚಳ ಬೆಚ್ಚಗಿತ್ತು; ತಣ್ಣಗಿರುವಾಗ ಹೊತ್ತುವ ರೀತಿಯನ್ನು ನಮ್ಮಿಂದ ಮರೆಮಾಡಿದ್ದರೆಂದು ಅವರು ಹಿಂದಿರುಗಿದರು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದುವುದನ್ನೂ ಅವರಿಂದ ಕಲಿತೆವು: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು. ವಾಹನದ 17 ಅಕ್ಷರ-ಅಂಕಿಗಳ ಗುರುತನ್ನು ಕೊಟ್ಟರೆ, ಕಂಪನಿ ದುರಸ್ತಿಗೆಂದು ಹಿಂದಕ್ಕೆ ಕರೆದ ದೋಷವೇನಾದರೂ ಉಳಿದಿದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ ಉಚಿತವಾಗಿ ತಿಳಿಸುತ್ತದೆ.

ಕೊನೆಗೆ ಒಪ್ಪಿಗೆಯಾದದ್ದು 2012ರ 'ಒಂದು ಟನ್ನಿನ' ಟ್ರಕ್ಕು. ಹಿಂದೆ ಜೋಡಿಗಾಲಿ, ಎಂಟು ಅಡಿ ತೊಟ್ಟಿ. ಗಿಡ್ಡ ತೊಟ್ಟಿಯಾದರೆ ಬಿಗಿ ತಿರುವಿನಲ್ಲಿ ಮನೆಗಾಡಿಯ ಮೂಲೆ ಟ್ರಕ್ಕಿನ ಹಿಂಗಾಜಿಗೆ ಬಡಿಯುವ ಅಪಾಯವಿದೆ, ಸರಿಯುವ ತಟ್ಟೆಗೆ ಬೇರೆ ಖರ್ಚು. ಬಣ್ಣ ಮಾಸಿದೆ, ಆಸನ ಹರಿದಿದೆ, ಮನೆಯ ಗ್ಯಾರೇಜಿನೊಳಗೆ ಹಿಡಿಯುವುದೂ ಇಲ್ಲ. ಇಂಥ ಭಾರಿ ವರ್ಗಕ್ಕೆ ಆ ಹಳದಿ ಚೀಟಿ ಕಡ್ಡಾಯವಲ್ಲ; ಆದ್ದರಿಂದ ಹಣ ಕೊಡುವ ಮೊದಲು ಹೆದ್ದಾರಿಯ ತೂಕದ ಕಟ್ಟೆಗೆ ಒಯ್ದೆವು. ಡೀಸೆಲ್ ತುಂಬಿಸಿ, ದಂಪತಿಗಳು ಒಳಗೆ ಕುಳಿತು, 8,300 ಪೌಂಡು ಬಂದಿತು. ಬಾಗಿಲ ಕಂಬದಲ್ಲಿ ಬರೆದ ಗರಿಷ್ಠ ತೂಕ 13,000. ಉಳಿದದ್ದು 4,700, ಬೇಕಾದದ್ದು 2,750.

ತೂಕದ ಚೀಟಿಯನ್ನು ವೈದ್ಯರ ಪತ್ನಿ ಎರಡು ಬಾರಿ ಓದಿ ತಮ್ಮ ಕೈಚೀಲದಲ್ಲಿಟ್ಟುಕೊಂಡರು. ಮರುದಿನ ಬೆಳಿಗ್ಗೆ ನಾವು ವಿಮಾನಕ್ಕೆ ಹೊರಟಾಗ ಗ್ರೈಂಡರ್ ಬಾಗಿಲ ಬಳಿ ಬಂದು ಕುಳಿತಿತ್ತು.