ಕಡತ ಉಳಿದರೆ ಸಾಕೆ, ಓದುವ ಕೀಲಿಕೈ ಬೇಡವೆ?

1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಕ್ಷರ ಕೊರೆದ ಬಂಡೆಯೊಂದನ್ನು ಕಂಡರು. ಅದರಲ್ಲಿ ‘ಅಸೋಕ’ ಎಂಬ ಹೆಸರಿತ್ತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳು ಅರಸನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದಿದ್ದವು. ಆ ಅರಸ ಮೌರ್ಯ ಚಕ್ರವರ್ತಿ ಅಶೋಕನೇ ಎಂಬುದನ್ನು ಮಸ್ಕಿಯ ಬಂಡೆ ಖಚಿತಪಡಿಸಿತು.

ಇದೇ ಬಂಡೆ ನೂರು ವರ್ಷ ಮೊದಲು ಸಿಕ್ಕಿದ್ದರೆ ಅದನ್ನು ಓದಬಲ್ಲವರು ಯಾರೂ ಇರುತ್ತಿರಲಿಲ್ಲ. ಬ್ರಾಹ್ಮಿ ಲಿಪಿ ಜನರ ನೆನಪಿನಿಂದ ಎಂದೋ ಅಳಿಸಿಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟು ಬಿಡಿಸಿದ ಮೇಲೆಯೇ ಅಶೋಕನ ಬಂಡೆಗಳಿಗೆ ಮತ್ತೆ ಮಾತು ಬಂದದ್ದು. ಕಲ್ಲು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ತಾಳಿಕೊಂಡಿತು. ಓದುವ ವಿದ್ಯೆಗೆ ಅಷ್ಟು ಬಾಳಿಕೆ ಇರಲಿಲ್ಲ.

ಕಂಪ್ಯೂಟರಿನಲ್ಲಿ ನಾವು ಕೂಡಿಡುತ್ತಿರುವ ದಾಖಲೆಗಳಿಗೂ ಇದೇ ಅಪಾಯವಿದೆ. ಅಲ್ಲಿ ಮರೆವು ಬರಲು ನೂರಾರು ವರ್ಷ ಬೇಕಿಲ್ಲ. ಒಂದು ಕಂಪನಿ ಬಾಗಿಲು ಹಾಕಿದರೆ ಸಾಕು.

ಉರ್ದು ಕಡತದಿಂದ ಸ್ಕ್ಯಾನ್ ಪ್ರತಿಯವರೆಗೆ

ರಾಯಚೂರು, ದೇವದುರ್ಗ, ಮಾನ್ವಿಯ ಜನರಿಗೆ ಈ ತೊಡಕನ್ನು ಬಿಡಿಸಿ ಹೇಳಬೇಕಿಲ್ಲ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ಆಡಳಿತ ಭಾಷೆ ಉರ್ದು. ಅಜ್ಜನ ಕಾಲದ ಜಮೀನಿನ ಕಾಗದ ಕೈಯಲ್ಲಿದ್ದರೂ, ಅದನ್ನು ಓದಿ ಹೇಳಲು ಉರ್ದು ಬಲ್ಲವರೊಬ್ಬರನ್ನು ಹುಡುಕಬೇಕಾಗುತ್ತದೆ.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಈಗ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿರುವ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಗೆದ್ದಲಿನಿಂದ, ಮಳೆನೀರಿನಿಂದ, ಕಳ್ಳಕೈಗಳಿಂದ ಕಾಗದವನ್ನು ಕಾಯಲು ಇದು ಬಹಳ ಅಗತ್ಯವಾದ ಕೆಲಸ. ಆದರೆ ಸ್ಕ್ಯಾನ್ ಆದ ಪ್ರತಿಗಳು ಯಾವುದೋ ಡಿಸ್ಕಿನಲ್ಲಿ, ಯಾವುದೋ ತಂತ್ರಾಂಶದ ಸುಪರ್ದಿನಲ್ಲಿ ಇರಲೇಬೇಕು. ಆ ತಂತ್ರಾಂಶ ಯಾರದು, ಇನ್ನು 50 ವರ್ಷದ ಮೇಲೆ ಅದನ್ನು ತೆರೆಯಬಲ್ಲವರು ಯಾರು ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕು.

ಡಿಸ್ಕಿನೊಳಗಿನ ಗುಮಾಸ್ತ

ಡಿಸ್ಕಿಗೆ ಕಡತವೆಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಹಚ್ಚಿದ ಸಣ್ಣ ಸಣ್ಣ ಖಾನೆಗಳು ಮಾತ್ರ. ಒಂದು ಖಾನೆಯಲ್ಲಿ ಸಾಮಾನ್ಯವಾಗಿ 4 ಕಿಲೋಬೈಟ್ ಹಿಡಿಯುತ್ತದೆ. 1 ಮೆಗಾಬೈಟಿನ ಪಹಣಿ ಚಿತ್ರವೆಂದರೆ ಇಂಥ 256 ಖಾನೆಗಳು. ಅವು ಒಂದೇ ಸಾಲಿನಲ್ಲಿ ಇರಬೇಕೆಂದೇನೂ ಇಲ್ಲ. ಯಾವ ಕಡತದ ತುಂಡು ಯಾವ ಖಾನೆಯಲ್ಲಿದೆ, ಅದರ ಒಡೆಯ ಯಾರು, ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂಬ ಲೆಕ್ಕವನ್ನೆಲ್ಲ ಇಡುವುದು ಫೈಲ್ ಸಿಸ್ಟಮ್. ರೆಕಾರ್ಡ್ ರೂಮಿನ ಹಳೆಯ ಗುಮಾಸ್ತನ ಹಾಗೆ, ಯಾವ ಗಂಟು ಯಾವ ಕಪಾಟಿನಲ್ಲಿದೆ ಎಂದು ಬಲ್ಲದ್ದು ಅದೊಂದೇ. ಅದು ಇಲ್ಲವಾದರೆ ಡಿಸ್ಕಿನ ತುಂಬ ಅಕ್ಷರಗಳಿದ್ದೂ ಒಂದು ಪುಟವೂ ಕೈಗೆ ಬಾರದು.

ಒಳ್ಳೆಯ ಫೈಲ್ ಸಿಸ್ಟಮ್ ಇನ್ನೂ ಕೆಲವು ಹೊಣೆ ಹೊರುತ್ತದೆ. ಬರೆಯುವ ನಡುವೆ ಕರೆಂಟು ಹೋದರೆ ಲೆಕ್ಕ ಅಸ್ತವ್ಯಸ್ತವಾಗಬಾರದು. ಅದಕ್ಕಾಗಿ ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಜಾರಿಗೆ ತರುತ್ತದೆ. ಕರೆಂಟು ಬಂದ ಮೇಲೆ ದಿನಚರಿ ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸುತ್ತದೆ. ಇಂಥ ಸೂಕ್ಷ್ಮ ತಂತ್ರಾಂಶ ಕಟ್ಟಲು ಹತ್ತಾರು ನುರಿತ ಎಂಜಿನಿಯರುಗಳ ವರ್ಷಗಟ್ಟಲೆ ದುಡಿಮೆ ಬೇಕು. ಆದ್ದರಿಂದಲೇ ಕಂಪನಿಗಳು ಅದರ ಸೋರ್ಸ್ ಕೋಡನ್ನು, ಅಂದರೆ ತಂತ್ರಾಂಶದ ಮೂಲ ಬರಹವನ್ನು, ವ್ಯಾಪಾರದ ಗುಟ್ಟಾಗಿ ಕಾಯ್ದುಕೊಂಡವು.

ಗುಟ್ಟು ಬಿಟ್ಟುಕೊಟ್ಟವರು

ಆ ಗುಟ್ಟನ್ನು ತಾವಾಗಿಯೇ ಬಿಟ್ಟುಕೊಟ್ಟ ಕಂಪನಿಗಳೂ ಇವೆ. ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1993ರಲ್ಲಿ ತನ್ನ ಯಂತ್ರಗಳಿಗೆಂದು ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಕಟ್ಟತೊಡಗಿತು. ಭಾರಿ ಗಾತ್ರದ ಕಡತಗಳನ್ನು ವೇಗವಾಗಿ ನಿಭಾಯಿಸುವುದು ಅದರ ಹೆಚ್ಚುಗಾರಿಕೆ. 2000ದಲ್ಲಿ ಕಂಪನಿ ಅದರ ಸೋರ್ಸ್ ಕೋಡನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗಾಗಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. 2009ರಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿ ಬೇರೊಬ್ಬರ ಪಾಲಾಯಿತು. ಎಕ್ಸ್‌ಎಫ್‌ಎಸ್‌ಗೆ ಮಾತ್ರ ಏನೂ ಆಗಲಿಲ್ಲ. 2014ರಲ್ಲಿ ರೆಡ್‌ಹ್ಯಾಟ್ ಎಂಬ ತಂತ್ರಾಂಶ ಕಂಪನಿ ಅದನ್ನೇ ತನ್ನ ಲಿನಕ್ಸ್‌ನ ಪೂರ್ವನಿಯೋಜಿತ ಫೈಲ್ ಸಿಸ್ಟಮ್ ಆಗಿ ಆರಿಸಿಕೊಂಡಿತು.

ದಾಖಲೆ ಸಂಗ್ರಹದ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸ್ಯಾಮ್-ಕ್ಯೂಎಫ್‌ಎಸ್. ದುಬಾರಿ ಡಿಸ್ಕನ್ನೂ ಅಗ್ಗದ ಟೇಪನ್ನೂ ಒಂದೇ ಭಂಡಾರವೆಂಬಂತೆ ನಡೆಸುವ ತಂತ್ರಾಂಶ ಅದು. ಹೊಸ ಕಡತ ಬಂದ ಕೂಡಲೇ ಟೇಪಿನ ಮೇಲೆ ಅದರ ಪ್ರತಿಗಳನ್ನು ಮಾಡುತ್ತದೆ. ನಾಲ್ಕು ಪ್ರತಿಗಳವರೆಗೆ ಇಡಬಹುದು. ಡಿಸ್ಕು ತುಂಬುತ್ತ ಬಂದಾಗ, ಬಹಳ ದಿನ ಯಾರೂ ಮುಟ್ಟದ ಕಡತವನ್ನು ಡಿಸ್ಕಿನಿಂದ ತೆರವು ಮಾಡುತ್ತದೆ, ಆದರೆ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತದೆ. ಯಾರಾದರೂ ಆ ಕಡತ ಕೇಳಿದರೆ ಟೇಪಿನಿಂದ ಮರಳಿ ತರುತ್ತದೆ. ಕೇಳಿದವರಿಗೆ ತುಸು ತಡವಾದೀತು ಅಷ್ಟೇ. ಹತ್ತು ವರ್ಷಕ್ಕೊಮ್ಮೆ ಯಾರೋ ಕೇಳುವ, ಆದರೆ ಎಂದೂ ಕಳೆದುಹೋಗಬಾರದ ಜಮೀನಿನ ಕಾಗದದಂಥ ದಾಖಲೆಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಇದು.

2008ರಲ್ಲಿ ಸನ್ ಇದರ ಸೋರ್ಸ್ ಕೋಡನ್ನು ತೆರೆದಿಟ್ಟಿತು. 2010ರಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಕೊಂಡುಕೊಂಡು, ಆ ಕೋಡಿಗೆ ಆಸರೆಯಾಗಿದ್ದ ಓಪನ್‌ಸೊಲಾರಿಸ್ ಯೋಜನೆಯನ್ನು ಕೈಬಿಟ್ಟಿತು. ಇಲ್ಲಿ ದಾಖಲೆಯನ್ನು ಕಾಪಾಡುವುದು ಎರಡು ಸಂಗತಿ. ಒಂದು, ಒಮ್ಮೆ ಮುಕ್ತ ಪರವಾನಗಿಯಡಿ ಹೊರಬಿದ್ದ ಕೋಡನ್ನು ಹಿಂದಕ್ಕೆ ಕಿತ್ತುಕೊಳ್ಳಲಾಗದು. ಎರಡು, ಸ್ಯಾಮ್ ತನ್ನ ಟೇಪುಗಳನ್ನು ಬರೆಯುತ್ತಿದ್ದದ್ದು ‘ಟಾರ್’ ಎಂಬ ಹಳೆಯ, ಎಲ್ಲರಿಗೂ ಗೊತ್ತಿರುವ ವಿನ್ಯಾಸದಲ್ಲಿ. ಸ್ಯಾಮ್ ತಂತ್ರಾಂಶವೇ ಇಲ್ಲವಾದರೂ ಟೇಪಿನಲ್ಲಿರುವುದನ್ನು ಬೇರೆ ಸಾಧನದಿಂದ ಓದಬಹುದು. ಕೋಡು ತೆರೆದಿರುವುದರ ಜೊತೆಗೆ ಬರೆಯುವ ವಿನ್ಯಾಸವೂ ತೆರೆದಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅದೇ ಸನ್ 2005ರಲ್ಲಿ ಬಿಡುಗಡೆ ಮಾಡಿದ ಝೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇನ್ನೊಂದು ರೋಗಕ್ಕೆ ಮದ್ದು ಕಂಡುಹಿಡಿದಿತ್ತು. ಡಿಸ್ಕಿನಲ್ಲಿ ಸುಮ್ಮನೆ ಮಲಗಿರುವ ಅಕ್ಷರಗಳೂ ಕಾಲ ಕಳೆದಂತೆ ಸದ್ದಿಲ್ಲದೆ ಕೆಡಬಹುದು. ಝೆಡ್‌ಎಫ್‌ಎಸ್ ಪ್ರತಿ ತುಂಡಿಗೂ ಒಂದು ಪರೀಕ್ಷಾ ಮೊತ್ತ ಲೆಕ್ಕ ಹಾಕಿ ಬೇರೆ ಕಡೆ ಬರೆದಿಡುತ್ತದೆ. ಓದುವಾಗ ಮೊತ್ತ ತಾಳೆಯಾಗದಿದ್ದರೆ ಆ ತುಂಡು ಕೆಟ್ಟಿದೆಯೆಂದು ತಿಳಿದು, ಇನ್ನೊಂದು ಪ್ರತಿಯಿಂದ ಅದನ್ನು ಸರಿಪಡಿಸುತ್ತದೆ. ಸನ್ ಕಂಪನಿ ಈಗಿಲ್ಲ; 2013ರಿಂದ ‘ಓಪನ್‌ಝೆಡ್‌ಎಫ್‌ಎಸ್’ ಹೆಸರಿನಲ್ಲಿ ಹಲವು ದೇಶಗಳ ಎಂಜಿನಿಯರುಗಳು ಅದನ್ನು ಬೆಳೆಸುತ್ತಿದ್ದಾರೆ.

ಬೆಂಗಳೂರಿನ ಗ್ಲಸ್ಟರ್

ಈ ಕತೆಯ ಒಂದು ಮುಖ್ಯ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆದಿದೆ. ಆನಂದ್ ಬಾಬು ಪೆರಿಯಸಾಮಿ 2005ರಲ್ಲಿ ಆರಂಭಿಸಿದ ಗ್ಲಸ್ಟರ್ ಕಂಪನಿಯ ತಂತ್ರಾಂಶದ ಬಹುಪಾಲು ರೂಪುಗೊಂಡದ್ದು ಬೆಂಗಳೂರಿನಲ್ಲಿ. ಸಾಮಾನ್ಯ ಬೆಲೆಯ ಹಲವು ಸರ್ವರುಗಳನ್ನು ಜೋಡಿಸಿ ಒಂದೇ ದೊಡ್ಡ ಭಂಡಾರ ಮಾಡುವುದು ಗ್ಲಸ್ಟರ್‌ಎಫ್‌ಎಸ್‌ನ ಕೆಲಸ. ಯಾವ ಕಡತ ಯಾವ ಸರ್ವರಿನಲ್ಲಿದೆ ಎಂದು ತಿಳಿಯಲು ಅದು ಕೇಂದ್ರ ಪಟ್ಟಿಯನ್ನು ನೆಚ್ಚಿಕೊಳ್ಳುವುದಿಲ್ಲ. ಕಡತದ ಹೆಸರಿನಿಂದಲೇ ಗಣಿತದ ಸೂತ್ರ ಹಚ್ಚಿ ಜಾಗ ಕಂಡುಕೊಳ್ಳುತ್ತದೆ. ಒಂದು ಸರ್ವರು ಕೆಟ್ಟರೆ ಇನ್ನೊಂದರಲ್ಲಿರುವ ಪ್ರತಿ ಕೆಲಸಕ್ಕೆ ಬರುತ್ತದೆ. ಕೆಟ್ಟದ್ದು ದುರಸ್ತಿಯಾದ ಮೇಲೆ ತಾನೇ ಅದನ್ನು ಸರಿಹೊಂದಿಸಿಕೊಳ್ಳುತ್ತದೆ. ಇದರ ಕೋಡು ಮೊದಲಿಂದಲೂ ಮುಕ್ತ.

2011ರ ಅಕ್ಟೋಬರಿನಲ್ಲಿ ರೆಡ್‌ಹ್ಯಾಟ್ ಕಂಪನಿ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಗ್ಲಸ್ಟರನ್ನು ಕೊಂಡಿತು. 2024ರ ಕೊನೆಗೆ ರೆಡ್‌ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಬೆಂಬಲ ನಿಲ್ಲಿಸಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಅದನ್ನು ನಂಬಿದವರ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಕೋಡು ಸಾರ್ವಜನಿಕವಾಗಿದೆ. ಹಲವು ಬಗೆಯ ಜೋಡಣೆಗಳಲ್ಲಿ ಗ್ಲಸ್ಟರ್ ಕಡತಗಳನ್ನು ಇಡೀ ಕಡತಗಳಾಗಿಯೇ ಕೆಳಗಿನ ಫೈಲ್ ಸಿಸ್ಟಮ್‌ನಲ್ಲಿ ಇಡುವುದರಿಂದ, ಗ್ಲಸ್ಟರ್ ಇಲ್ಲದೆಯೂ ಅವನ್ನು ಎತ್ತಿಕೊಳ್ಳಬಹುದು. ಆ ಕೆಳಗಿನ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಎಕ್ಸ್‌ಎಫ್‌ಎಸ್.

ಗ್ಲಸ್ಟರ್‌ನಲ್ಲಿ ದುಡಿದ ಅರವಿಂದ ವಿ.ಕೆ. ಮತ್ತು ಸಂಗಡಿಗರು ಅದೇ ಕೋಡಿನ ಬುನಾದಿಯ ಮೇಲೆ ‘ಕಡಲು’ ಎಂಬ ಮುಕ್ತ ಸಂಗ್ರಹ ತಂತ್ರಾಂಶ ಕಟ್ಟಿದರು. ಕನ್ನಡದ ‘ಗುಬ್ಬಿ’, ‘ನವಿಲು’ ಅಕ್ಷರಶೈಲಿಗಳನ್ನು ರೂಪಿಸಿದವರೂ ಅರವಿಂದ ಅವರೇ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕವನ್ನೂ ಅವರು ಬರೆದಿದ್ದಾರೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದನ್ನು ನೋಡದ ಸರ್ಕಾರಿ ನೌಕರರು, ಪತ್ರಕರ್ತರು ಕಡಿಮೆ. ಡಿಸ್ಕಿನಲ್ಲಿ ಒಂದು ಅಕ್ಷರವೂ ಕಳೆದಿಲ್ಲ, ಆದರೂ ಓದಲಾಗದು. ಪರಿವರ್ತಕ ಬರೆಯಲು ಸಾಧ್ಯವಾದದ್ದು ಆ ಫಾಂಟುಗಳ ಸಂಕೇತಗಳ ಗಂಟು ಬಿಡಿಸಿದ್ದರಿಂದ.

ಕೋಡು ತೆರೆದರಷ್ಟೇ ಸಾಲದು

ಮುಕ್ತಗೊಳಿಸಿದ ಮಾತ್ರಕ್ಕೆ ತಂತ್ರಾಂಶ ಬದುಕುತ್ತದೆ ಎನ್ನಲಾಗದು. ಲಕ್ಷಗಟ್ಟಲೆ ಸಾಲುಗಳ ಕೋಡನ್ನು ಓದಿ, ದೋಷ ತಿದ್ದಿ, ಹೊಸ ಯಂತ್ರಗಳಿಗೆ ಒಗ್ಗಿಸುವ ಜನ ಬೇಕು. ಎಕ್ಸ್‌ಎಫ್‌ಎಸ್‌ಗೆ ಅಂಥವರ ದಂಡೇ ಸಿಕ್ಕಿತು. ಸ್ಯಾಮ್-ಕ್ಯೂಎಫ್‌ಎಸ್‌ಗೆ ಆ ಭಾಗ್ಯ ಇರಲಿಲ್ಲ. ಪರವಾನಗಿಯ ಷರತ್ತೂ ಮುಖ್ಯ: ಝೆಡ್‌ಎಫ್‌ಎಸ್‌ನ ಪರವಾನಗಿ ಲಿನಕ್ಸ್‌ನ ಪರವಾನಗಿಗೆ ಹೊಂದದ ಕಾರಣ ಅದು ಇಂದಿಗೂ ಲಿನಕ್ಸ್ ತಿರುಳಿನ ಹೊರಗೇ ಇದೆ.

ಉಳಿಸುವುದು ಜನರೇ ಎಂಬುದಕ್ಕೆ ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಉಳಿದು ಬಂದ ಬಗೆ ನೋಡಿ. ಅದನ್ನು ಯಾರೂ ಬೀಗ ಹಾಕಿ ಇಡಲಿಲ್ಲ. ಕಲಿತವರು ಹಾಡಿದರು, ಪ್ರತಿ ಮಾಡಿಕೊಂಡರು, ಮುಂದಿನವರಿಗೆ ಕಲಿಸಿದರು. ಹಲವು ಕೈಗಳಲ್ಲಿ ಪ್ರತಿಗಳಿದ್ದವು, ಓದಬಲ್ಲ ಹಲವು ಕಣ್ಣುಗಳಿದ್ದವು. ದಾಖಲೆ ಉಳಿಯಲು ಈ ಎರಡೂ ಬೇಕು.

ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿಯನ್ನೂ 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿಯನ್ನೂ ಪ್ರಕಟಿಸಿದೆ. ಅವು ಜೀವ ತಳೆಯಬೇಕಾದದ್ದು ಟೆಂಡರಿನ ಕಾಗದದಲ್ಲಿ. ದೇವದುರ್ಗದ ಕಡತವಾಗಲಿ, ರಾಯಚೂರಿನ ಕಾಲೇಜಿನ ಹಸ್ತಪ್ರತಿಯಾಗಲಿ, ಸಂಗ್ರಹ ವ್ಯವಸ್ಥೆ ಕೊಳ್ಳುವ ಮುನ್ನ ಅಧಿಕಾರಿಗಳು ಮೂರು ಪ್ರಶ್ನೆ ಕೇಳಲಿ. ಮಾರಿದ ಕಂಪನಿ ನಾಳೆ ಇಲ್ಲವಾದರೆ ಈ ದಾಖಲೆಯನ್ನು ಬೇರೆ ತಂತ್ರಾಂಶದಿಂದ ತೆರೆಯಬಹುದೆ? ಕಡತ ಕೆಟ್ಟಿದೆಯೆ ಎಂದು ಆಗಾಗ ಪರೀಕ್ಷಿಸುವ ಏರ್ಪಾಡು ಇದೆಯೆ? ಇದರ ಒಳಗುಟ್ಟು ಬಲ್ಲ ನಮ್ಮವರು ಯಾರಾದರೂ ಇದ್ದಾರೆಯೆ?

ಮೂರನೆಯದಕ್ಕೆ ಉತ್ತರ ಹುಡುಕುವುದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೈಯಲ್ಲಿದೆ. ಎಕ್ಸ್‌ಎಫ್‌ಎಸ್, ಓಪನ್‌ಝೆಡ್‌ಎಫ್‌ಎಸ್, ಗ್ಲಸ್ಟರ್‌ಗಳ ಒಂದೊಂದು ಸಾಲೂ ಇಂದು ಯಾರು ಬೇಕಾದರೂ ಓದಲು ತೆರೆದಿದೆ. ಒಂದು ಕಾಲಕ್ಕೆ ಕೋಟಿಗಟ್ಟಲೆ ಬೆಲೆಯ ಗುಟ್ಟಾಗಿದ್ದ ವಿದ್ಯೆಯನ್ನು ರಾಯಚೂರಿನ ವಿದ್ಯಾರ್ಥಿ ಕಾಸು ಖರ್ಚಿಲ್ಲದೆ ಕಲಿಯಬಹುದು, ತಿದ್ದಬಹುದು, ತನ್ನೂರಿನ ದಾಖಲೆಗಳನ್ನು ಕಾಯಲು ಬಳಸಬಹುದು. ಕಲಿಸಲು ಇವತ್ತೇ ತೊಡಗಬೇಕು.